ಖಾಲಿ ಲಕೋಟೆ

ನಮ್ಮ ಗ್ರಂಥಾಲಯದ ಮಕ್ಕಳ ವಿಭಾಗ ನನ್ನದು. ಮಕ್ಕಳು ಮನೆಗೆ ಒಯ್ದು ಕಾಗದದ ಗೂಬೆ ಮಾಡಲೆಂದು ಆ ವಾರ ನಲವತ್ತು ಲಕೋಟೆ ತುಂಬಿದ್ದೆ. ಒಂದೊಂದರಲ್ಲೂ ಕತ್ತರಿಸಿದ ಬಣ್ಣದ ಕಾಗದ, ದಾರ, ಕಣ್ಣಿಗೆ ಎರಡು ಗುಂಡಿ, ಮಾಡುವ ಕ್ರಮ ಬರೆದ ಚೀಟಿ. ಮಗುವಿಗೆ ಒಂದೇ ಲಕೋಟೆ ಎಂಬ ನಿಯಮವೂ ನನ್ನದೇ.

ಮರುವಾರದ ಸೋಮವಾರ ಬೆಳಿಗ್ಗೆ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು. ಸಾಲಿನಲ್ಲಿ ಐದಾರು ಜನ ನಿಂತಿದ್ದರು.

"ಮೇಡಂ, ಇದರಲ್ಲಿ ಚೀಟಿ ಬಿಟ್ರೆ ಏನೂ ಇರ್ಲಿಲ್ಲ."

"ಎಲ್ಲಾ ನಾನೇ ಕೈಯಾರೆ ತುಂಬಿದ್ದು. ಇನ್ನೊಂದು ಬೇಕಿದ್ರೆ ಬಾಯಿಬಿಟ್ಟು ಕೇಳಿ. ಮಗು ಎದುರಿಗೆ ಸುಳ್ಳು ಯಾಕಮ್ಮ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟು ಹೊರಟಳು. ಹುಡುಗಿ ನನ್ನನ್ನು ನೋಡಲಿಲ್ಲ. ತಲೆಯೆತ್ತಿ ತಾಯಿಯ ಮುಖವನ್ನೇ ನೋಡುತ್ತ ಹೋದಳು.

"ಸರಿಯಾಗಿ ಬಿಸಿ ಮುಟ್ಟಿಸಿದ್ರಿ ಅಕ್ಕಾ," ಎಂದ ಪುಸ್ತಕಗಳಿಗೆ ಮೊಹರು ಹಾಕುವ ಮೊಹರುಮಾವ. ನಾನು ಬೀಗಿದೆ ಕೂಡ.

ಮಧ್ಯಾಹ್ನ ಅವನೇ ಕಪಾಟಿನ ಮೇಲೆ ನಾನು ಮಾಡಿಟ್ಟಿದ್ದ ಮಾದರಿ ಗೂಬೆ ನೋಡಿ ನಕ್ಕ. "ಥೇಟ್ ನಿಮ್ಮ ಹಾಗೇ ಗುರಾಯಿಸ್ತದೆ! ಇದಕ್ಕೆ ಸಾಮಾನು ಬೇರೆ ತಂದ್ರಾ?"

"ಇಲ್ಲಪ್ಪ, ಒಂದು ಲಕೋಟೇಲಿ ಇದ್ದದ್ದನ್ನೇ ತೆಗೆದು..."

ಮೇಜಿನ ಮೇಲಿದ್ದ ಬೆಳಗಿನ ಲಕೋಟೆಯತ್ತ ತಿರುಗಿದೆ. ತೆಗೆದಿದ್ದೆ. ಚೀಟಿಯನ್ನು ಮಡಿಚಿ ಒಳಗಿಟ್ಟು, ಆ ಲಕೋಟೆಯನ್ನು ಮತ್ತೆ ರಾಶಿಗೇ ಸೇರಿಸಿದ್ದೆ.

"ಅಯ್ಯೋ, ಒಂದು ಫೋನ್ ಮಾಡಿಬಿಡಿ, ಮುಗೀತು," ಎಂದ ಮೊಹರುಮಾವ.

ನಾಲ್ಕು ಜನರ ಮುಂದೆ ಆಡಿದ್ದನ್ನು ಗುಟ್ಟಾಗಿ ನುಂಗುವುದು ಹೇಗೆ? ಸದಸ್ಯರ ಪಟ್ಟಿಯಲ್ಲಿ ವಿಳಾಸ ಹುಡುಕಿ ಸಂಜೆ ಹೋದೆ. ಅದು ಆ ತಾಯಿಯ ಇಸ್ತ್ರಿ ಅಂಗಡಿ. ಬಟ್ಟೆಗೆ ಬಂದವರು ಮೂವರಿದ್ದರು. ಅವರು ಹೋಗಲಿ ಎಂದು ಮನಸ್ಸು ಹಿಂಜರಿಯಿತು. ದೇವರೇ, ಈಗಲೂ ನನಗೆ ನನ್ನ ಮಾನದ್ದೇ ಚಿಂತೆ!

"ಬೆಳಿಗ್ಗೆ ನೀವು ಹೇಳಿದ್ದು ನಿಜ ಅಮ್ಮ," ಎಂದೆ, ಎಲ್ಲರಿಗೂ ಕೇಳುವಂತೆ. "ಲಕೋಟೆ ಖಾಲಿ ಮಾಡಿದ್ದು ನಾನೇ. ನಿಮ್ಮನ್ನ ಸುಳ್ಳಿ ಅಂದೆ. ತಪ್ಪಾಯ್ತು."

ಅವಳು ಇಸ್ತ್ರಿ ನಿಲ್ಲಿಸಲಿಲ್ಲ. "ನನಗೆ ಹೇಳಿ ಏನಾಗ್ಬೇಕು? ಅಗೋ, ಅವಳಿಗೆ ಹೇಳಿ. ಬೆಳಿಗ್ಗೆಯಿಂದ ನನ್ನ ಹತ್ರ ಮಾತಿಲ್ಲ."

ಹುಡುಗಿ ಬಟ್ಟೆಗಂಟಿನ ಮೇಲೆ ಕೂತಿದ್ದಳು. ನಾನು ಕುಕ್ಕರುಗಾಲಲ್ಲಿ ಕೂತು ಅದನ್ನೇ ಮತ್ತೆ ಹೇಳಿದೆ.

"ಹಾಗಾದ್ರೆ ಅಮ್ಮ ತೆಗೆದು ಬಚ್ಚಿಟ್ಟಿರ್ಲಿಲ್ವಾ?"

"ಇಲ್ಲ ಪುಟ್ಟಿ."

"ನಾನು ಅಮ್ಮನಿಗೆ ಕಳ್ಳಿ ಅಂದುಬಿಟ್ಟೆ."

ಅವಳು ಇಳಿದು ಹೋಗಿ ತಾಯಿಯ ಸೊಂಟಕ್ಕೆ ಮುಖವೊತ್ತಿ ನಿಂತಳು. ತಾಯಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ನನ್ನತ್ತ ಇಬ್ಬರೂ ತಿರುಗಲಿಲ್ಲ.