ಓದದೆ ಬಿಟ್ಟ ಏಳನೆಯ ಸಾಲು

ಮೊದಲ ಜನ್ಮದಲ್ಲಿ ನಾನು ಡಾಂಬರಿನ ಡ್ರಮ್ಮಾಗಿದ್ದೆ. ರೈಲ್ವೆ ಕಾಲೊನಿಯ ರಸ್ತೆ ಮಾಡಲು ಬಂದವರು ಡಾಂಬರನ್ನೆಲ್ಲ ಸುರಿದುಕೊಂಡು ನನ್ನನ್ನು ಮೈದಾನದ ಮೂಲೆಗೆ ಉರುಳಿಸಿ ಹೋದರು. ಎರಡು ಬೇಸಿಗೆ ಅಲ್ಲೇ ಬಿದ್ದಿದ್ದೆ. ಒಂದು ದಿನ ಯಾರೋ ಬಂದು ನನ್ನ ಹೊಟ್ಟೆ ಸೀಳಿ, ಸುತ್ತಿಗೆಯಿಂದ ಬಡಿದು ಬಡಿದು ಚಪ್ಪಟೆ ಮಾಡಿದರು. ನೋವಾಯಿತು ಎಂದರೆ ನಗುತ್ತೀರಿ, ತಗಡಿಗೆಂಥ ನೋವು ಎನ್ನುತ್ತೀರಿ. ಇರಲಿ. ಮುಂದೆ ನಾನು ಕಂಡದ್ದರ ಎದುರು ಆ ಸುತ್ತಿಗೆ ಏನೇನೂ ಅಲ್ಲ.

ನನಗೆ ಹಸಿರು ಬಣ್ಣ ಬಳಿದು ಅಕ್ಷರ ಬರೆದವನು ಖಾದರಸಾಬ. ವರ್ಕ್‌ಶಾಪಿನಲ್ಲಿ ಗೂಡ್ಸ್ ವ್ಯಾಗನ್ನುಗಳ ಮೇಲೆ ನಂಬರು ಬರೆಯುವುದು ಅವನ ಕೆಲಸ. ಸಣ್ಣ ಅಕ್ಷರ ಅವನ ಕೈಗೆ ಒಗ್ಗುತ್ತಲೇ ಇರಲಿಲ್ಲ. ಹಾಗಾಗಿ ಐದು ವರ್ಷದ ಮಕ್ಕಳ ಫುಟ್‌ಬಾಲ್ ನಿಯಮಗಳು ನನ್ನ ಮೈಮೇಲೆ ವ್ಯಾಗನ್ ನಂಬರಿನಷ್ಟೇ ದಪ್ಪಗೆ ಬಂದವು. ಪಕ್ಕದಲ್ಲಿ ನಿಂತು ಒಂದೊಂದೇ ಸಾಲನ್ನು ಹೇಳಿ ಬರೆಸಿದವರು ಎಸ್ತೇರ್ ಟೀಚರ್.

ಟೀಚರ್ ಕಾಲೊನಿಯ ಬಾಲವಾಡಿಯಲ್ಲಿ ಕಲಿಸುತ್ತಿದ್ದರು. ಮೈದಾನದಲ್ಲಿ ದೊಡ್ಡ ಹುಡುಗರು ಆಡುವಾಗ ಸಣ್ಣವರು ಗೋಲಿನ ಹಿಂದೆ ನಿಂತು ಹೊರಗೆ ಬಂದ ಚೆಂಡು ಎತ್ತಿಕೊಡಬೇಕಿತ್ತು, ಅಷ್ಟೇ ಅವರ ಆಟ. ಒಮ್ಮೆ ಒಳಗೆ ನುಗ್ಗಿದ ಮಗುವೊಂದರ ಹಲ್ಲು ಮುರಿಯಿತು. ಆಮೇಲೆ ಟೀಚರ್ ಭಾನುವಾರ ಬೆಳಗಿನ ಎರಡು ತಾಸು ಸಣ್ಣವರಿಗೇ ಬೇಕೆಂದು ಹಟ ಹಿಡಿದು ಪಡೆದರು. ಅಪ್ಪನ ಅಂಗಿಯನ್ನು ಕತ್ತರಿಸಿ ಮಗುವಿಗೆ ಹೊಲಿದ ಹಾಗೆ ಆಟವನ್ನೂ ಕತ್ತರಿಸಿದರು. ಒಂದು ಕಡೆಗೆ ನಾಲ್ಕೇ ಮಂದಿ, ಗೋಲು ಕಾಯುವವರು ಇಲ್ಲ. ಚೆಂಡು ಸಣ್ಣದು, ತಲೆಯಿಂದ ಹೊಡೆಯುವಂತಿಲ್ಲ. ಎಂಟೆಂಟು ನಿಮಿಷದ ನಾಲ್ಕು ಪಾಲು. ಬಿದ್ದ ಮಗು ಎದ್ದ ಮೇಲೆಯೇ ಆಟ ಮುಂದಕ್ಕೆ. ಆರನೆಯ ಸಾಲು, ಗೋಲು ಎಣಿಸಬಾರದು. ಏಳನೆಯದು, ಬಂದ ಪ್ರತಿಯೊಂದು ಮಗುವೂ ಕಡಿಮೆಯೆಂದರೆ ಅರ್ಧ ಆಟ ಆಡಲೇಬೇಕು. ಒಂಬತ್ತನೆಯದು ದೊಡ್ಡವರಿಗೆ. ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟಬಹುದು, ಕೂಗಬಾರದು.

ನನ್ನನ್ನು ಗೆರೆಯ ಪಕ್ಕದ ಎರಡು ಹಳಿ ತುಂಡುಗಳಿಗೆ ಬಿಗಿದರು. ಮೊದಲ ತಿಂಗಳು ಜಗಳವೋ ಜಗಳ. ಆಟದ ನಡುವೆ ಯಾರಾದರೂ ಒಬ್ಬ ಅಪ್ಪ ಬಂದು ನನ್ನೆದುರು ನಿಂತು, ‘ಟೀಚರ್, ಇದರ ಅರ್ಥ ಹಂಗಲ್ರೀ’ ಎಂದು ವಾದ ತೆಗೆಯುತ್ತಿದ್ದ. ಬೇಸತ್ತ ಟೀಚರ್ ಒಂದು ಪದ್ಧತಿ ಮಾಡಿದರು. ಪ್ರತಿ ಭಾನುವಾರ ಪಾಳಿಯ ಪ್ರಕಾರ ಒಬ್ಬ ಅಪ್ಪ ಅಥವಾ ಅವ್ವ ನನ್ನ ಮುಂದೆ ನಿಂತು ನಿಯಮಗಳನ್ನು ಗಟ್ಟಿಯಾಗಿ ಓದಬೇಕು. ಮಕ್ಕಳು ಒಂಬತ್ತು ಬೆರಳು ಎತ್ತಿ, ಪ್ರತಿ ಸಾಲನ್ನೂ ಕೂಗಿ ಹೇಳಿ, ಸಾಲಿಗೊಂದು ಬೆರಳು ಮಡಚಬೇಕು. ಆ ದಿನ ಏನು ಓದಿದರೋ ಅದೇ ಆ ದಿನದ ಕಟ್ಟಳೆ. ಓದಿ ಮುಗಿದ ಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ, ಟೀಚರ್ ಕೂಡ.

‘ಅಪ್ಪ ಅವ್ವನ ಬಾಯಿಂದ ಬಂದದ್ದನ್ನ ಮಕ್ಕಳು ಮರಿಯೂದಿಲ್ಲ’ ಎಂದು ಟೀಚರ್ ಖಾದರಸಾಬನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ದೊಡ್ಡವರು ಎದುರಿಗಿರುವ ಸಾಲನ್ನು ಓದದೆ ಬಿಟ್ಟಾರು ಎಂಬ ಯೋಚನೆ ಅವರಿಗೆ ಬರಲೇ ಇಲ್ಲ. ನನಗೂ ಬರಲಿಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಚೆನ್ನಾಗಿ ಎಂದರೆ ಸುಳ್ಳು ಸೇರಿಸಿಕೊಂಡೇ ಚೆನ್ನಾಗಿ. ಗೋಲು ಎಣಿಸಬಾರದೆಂದು ಬಾಯಿತುಂಬ ಓದಿದ ಗಂಡಸರೇ ಜೇಬಿನಲ್ಲಿ ಹುಣಸೆಬೀಜ ಇಟ್ಟುಕೊಂಡು ಬರುತ್ತಿದ್ದರು. ತಮ್ಮ ಕಡೆ ಗೋಲಾದರೆ ಒಂದು ಬೀಜ ಎಡಜೇಬಿನಿಂದ ಬಲಜೇಬಿಗೆ. ಮುಖದ ಮೇಲೆ ಮಾತ್ರ ದೇವರ ಮುಂದೆ ನಿಂತವರ ಶಾಂತಿ! ಮಕ್ಕಳಿಗೆ ಇದೊಂದೂ ಗೊತ್ತಿರಲಿಲ್ಲ. ಅವು ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಚೆಂಡಿಗೆ ಮುತ್ತಿಕೊಂಡು ಮೈದಾನವೆಲ್ಲ ಸುತ್ತುತ್ತಿದ್ದವು.

ಆ ಗುಂಪಿನ ಹಿಂದೆ ಐದು ಹೆಜ್ಜೆ ಬಿಟ್ಟು ಓಡುತ್ತಿದ್ದವಳು ನೀಲಾಂಬಿಕಾ. ಎಲ್ಲರೂ ನೀಲಿ ಎನ್ನುತ್ತಿದ್ದರು. ಅವಳ ಕಾಲಿಗೆ ಏನೂ ಆಗಿರಲಿಲ್ಲ, ಓಟ ನಿಧಾನ, ಅಷ್ಟೇ. ಚೆಂಡು ಅವಳ ಕಾಲಿಗೆ ಸಿಕ್ಕ ದಿನಗಳು ಕಡಿಮೆ. ಆದರೂ ಅಷ್ಟು ಸಂತೋಷದಿಂದ ಓಡಿದ ಮಗುವನ್ನು ನಾನು ಮತ್ತೆ ನೋಡಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಯಾವ ಬೆರಳು ಯಾವ ನಿಯಮ ಎಂದು ಗೊತ್ತಿತ್ತು. ಏಳನೆಯದನ್ನು ಮಡಚುವಾಗ ಅವಳ ದನಿ ಎಲ್ಲರಿಗಿಂತ ಮೇಲೆ ಹೋಗುತ್ತಿತ್ತು. ತನ್ನನ್ನು ಮೈದಾನದೊಳಕ್ಕೆ ಬಿಡುವ ಸಾಲು ಅದೇ ಎಂದು ಅವಳು ಹೇಗೋ ತಿಳಿದುಕೊಂಡಿದ್ದಳು.

ನೀಲಿಯ ಅಪ್ಪ ಚಂಬಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಡಪಾಯಿ ಮನುಷ್ಯ, ಎದುರು ಮಾತಾಡಿದವನಲ್ಲ. ಅವನ ಮೇಲಿನ ಚಾರ್ಜ್‌ಮನ್ ಹೊಸಮನಿಯವರು. ಅವರ ಮಗ ವಿನೀತ ಕಾಲೊನಿಯ ಸಣ್ಣವರಲ್ಲೆಲ್ಲ ಚುರುಕು. ಹಳಿಯ ಆಚೆಗಿನ ಗೂಡ್ಸ್‌ಶೆಡ್ ಕಾಲೊನಿಯ ಮಕ್ಕಳೂ ಆಡಲು ಬರತೊಡಗಿದ ಮೇಲೆ ಹುಣಸೆಬೀಜಗಳ ಓಡಾಟ ಜೋರಾಯಿತು. ಒಂದು ಭಾನುವಾರ ನೀಲಿಗೆ ಚೆಂಡು ಸಿಕ್ಕಿತು. ಸುತ್ತ ಯಾರೂ ಇಲ್ಲ. ಅವಳು ಅದನ್ನು ತಳ್ಳುತ್ತ ತಳ್ಳುತ್ತ ಹೋಗಿ ತನ್ನ ಕಡೆಯ ಗೋಲಿಗೇ ಹಾಕಿ ಕುಣಿದಳು. ಎರಡೂ ಕಡೆಯ ಮಕ್ಕಳು ಅವಳ ಜೊತೆ ಸೇರಿ ಕುಣಿದವು. ಗೆರೆಯ ಹೊರಗೆ ಗೂಡ್ಸ್‌ಶೆಡ್ಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸಮನಿಯವರು ನಗಲಿಲ್ಲ. ಚಂಬಣ್ಣ ತಲೆ ತಗ್ಗಿಸಿ ನಿಂತಿದ್ದ.

ಮರುವಾರ ಮತ್ತೆ ಅದೇ ಗೂಡ್ಸ್‌ಶೆಡ್ಡಿನವರ ಜೊತೆ ಆಟ. ಓದುವ ಪಾಳಿ ಚಂಬಣ್ಣನದು. ಟೀಚರ್ ಮೈದಾನದ ಆ ತುದಿಯಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ಅವನು ನನ್ನ ಮುಂದೆ ಬಂದು ನಿಲ್ಲುವಾಗ ಹೊಸಮನಿಯವರು ಪಕ್ಕದಲ್ಲೇ ಹಾದು ಹೋದರು. ಹೆಗಲ ಮೇಲೆ ಕೈ ಇಟ್ಟರು. ಸಿಟ್ಟಿಲ್ಲ, ಗದರಿಕೆ ಇಲ್ಲ, ನಗುನಗುತ್ತಲೇ ಹೇಳಿದರು.

‘ಚಂಬಣ್ಣ, ಎಲ್ಲಾ ಓದಾಕ ಹೋಗಬ್ಯಾಡ. ಹೊತ್ತಾಗ್ತದ. ಯಾವದು ಬೇಕೋ ಅದನ್ನ ಓದು. ನಿನಗ ತಿಳೀತದಲ್ಲ?’

ಚಂಬಣ್ಣನಿಗೆ ತಿಳಿಯಿತು. ಅವನ ಉಸಿರು ನನ್ನ ಮೈಗೆ ತಾಗುವಷ್ಟು ಹತ್ತಿರ ನಿಂತಿದ್ದ. ಒಂದು, ಎರಡು, ಮೂರು ಎಂದು ಓದಿದ. ಮಕ್ಕಳು ಕೂಗಿದವು, ಬೆರಳು ಮಡಚಿದವು. ಆರನೆಯದನ್ನೂ ಓದಿದ. ಆಮೇಲೆ ಅವನ ಕಣ್ಣು ಏಳನೆಯ ಸಾಲಿನ ಮೇಲೆ ನಿಂತಿತು. ಆ ಸಾಲು ನಾಲ್ಕು ಬೆರಳಷ್ಟು ಎತ್ತರ ಇದೆ, ಕಾಣಲಿಲ್ಲ ಎನ್ನುವ ಹಾಗಿಲ್ಲ. ಅವನು ಎಂಟನೆಯದನ್ನು ಓದಿದ. ಉಳಿದ ಮಕ್ಕಳಿಗೆ ಬೆರಳಿನ ಲೆಕ್ಕ ಅಷ್ಟು ಗಟ್ಟಿ ಇರಲಿಲ್ಲ. ಬಾಯಿ ಹೇಳಿದ್ದಕ್ಕೆ ಸಿಕ್ಕ ಬೆರಳು ಮಡಚಿ ಮೈದಾನಕ್ಕೆ ಓಡಿದವು. ನೀಲಿ ಮಾತ್ರ ಒಂದು ಬೆರಳನ್ನು ನೆಟ್ಟಗೆ ಹಿಡಿದುಕೊಂಡು ಅಪ್ಪನ ಮುಖ ನೋಡುತ್ತ ನಿಂತಿದ್ದಳು.

ಮೊದಲ ಪಾಲಿನಲ್ಲಿ ಅವಳಿಗೆ ಪಾಳಿ ಬರಲಿಲ್ಲ. ಬೂಟಿನ ದಾರ ಬಿಗಿದುಕೊಂಡು ನನ್ನ ಬುಡದಲ್ಲಿ ಕೂತಳು. ಎರಡನೆಯದರಲ್ಲೂ ಬರಲಿಲ್ಲ. ಆ ದಿನ ಮಕ್ಕಳನ್ನು ಒಳಗೆ ಕಳಿಸುವ ಕೆಲಸ ಹೊಸಮನಿಯವರೇ ವಹಿಸಿಕೊಂಡಿದ್ದರು. ಸೀಟಿ ಊದುತ್ತಿದ್ದ ಎಸ್ತೇರ್ ಟೀಚರ್ ಅರ್ಧ ಆಟ ಮುಗಿದಾಗ ಎಣಿಸಿ ನೋಡಿ ನೇರ ಅವರ ಹತ್ತಿರ ಬಂದರು.

‘ನೀಲಿನ್ನ ಯಾಕ ಕೂಡ್ಸೀರಿ? ಇನ್ನ ಎರಡೂ ಪಾಲು ಅಕಿ ಆಡಬೇಕು.’

‘ಹಂಗಂತ ಇವತ್ತ ಓದಿಲ್ರೀ ಟೀಚರ್.’

ಟೀಚರ್ ಚಂಬಣ್ಣನ ಕಡೆ ತಿರುಗಿದರು. ‘ಚಂಬಣ್ಣ, ಏಳನೇದು ಓದ್ಲಿಲ್ಲೇನು?’

ಚಂಬಣ್ಣ ಎಲ್ಲಿಯೋ ನೋಡುತ್ತಿದ್ದ. ‘ಮರ್ತೆ ಕಾಣಸ್ತದ್ರೀ’ ಎಂದ.

‘ಇಲ್ಲಿ ಬರದದಲ್ರೀ! ಎಲ್ಲಾರಿಗೂ ಕಾಣೂ ಹಂಗ ಬರದದ!’ ಟೀಚರ್ ನನ್ನ ಮೈಯನ್ನು ಅಂಗೈಯಿಂದ ಬಡಿದರು. ನಾನು ದಢ್ ಎಂದೆ. ನನ್ನ ಆಯುಷ್ಯದಲ್ಲಿ ನಾನು ಆಡಿದ ಮಾತು ಅದೊಂದೇ.

‘ಬರದದ್ದರ ಮ್ಯಾಲ ಜಗಳ ಬ್ಯಾಡ, ಓದಿದ್ದೇ ಕಟ್ಟಳೆ ಅಂತ ಮಾಡಿದವರು ನೀವ. ನಾವು ಎರಡು ವರ್ಷ ಬಾಯಿ ಮುಚಗೊಂಡು ನಡಕೊಂಡೀವಿ. ಇವತ್ತ ನೀವು ನಡಕೋರಿ’ ಎಂದರು ಹೊಸಮನಿಯವರು. ಸುತ್ತ ನಿಂತ ಗಂಡಸರೆಲ್ಲ ಹೌದೌದು ಎಂದರು.

ಟೀಚರ್ ಸೀಟಿಯನ್ನು ಬಾಯಿಯ ಹತ್ತಿರ ತಂದರು. ಆಟ ನಿಲ್ಲಿಸಿಬಿಡುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಕಟ್ಟಳೆ ಮಾಡಿದವರೇ ಮುರಿದರೆ ನಾಳೆ ಯಾವುದೂ ಉಳಿಯುವುದಿಲ್ಲ ಎಂದು ಅವರು ಯೋಚಿಸಿರಬೇಕು. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಅಷ್ಟು ಒಳ್ಳೆಯ ಹೆಂಗಸು ಒಂದು ದಿನ ಕೆಟ್ಟವಳಾಗಬಹುದಿತ್ತು.

ಆಗ ನೀಲಿ ಎದ್ದು ಅಪ್ಪನ ಹತ್ತಿರ ಹೋದಳು. ‘ಅಪ್ಪಾ, ನೀ ಒಂದು ಓದಿಲ್ಲ. ನಂದು ಬೆರಳು ಉಳದೈತಿ ನೋಡು. ಈಗರ ಓದು.’

ಚಂಬಣ್ಣ ಬಗ್ಗಿ ಆ ಬೆರಳನ್ನು ತಾನೇ ಮಡಚಿದ. ‘ಸುಮ್ನ ಕೂಡವ್ವಾ. ನಿನ್ನಿಂದ ಆಗೂದಿಲ್ಲ’ ಎಂದ. ಬೈದು ಹೇಳಿದ್ದರೆ ಅವಳು ಅಳುತ್ತಿದ್ದಳೋ ಏನೋ. ಅವನು ಬಹಳ ಮೆಲ್ಲಗೆ, ಅಕ್ಕರೆಯಿಂದ ಹೇಳಿದ. ಅವಳು ನಂಬಿಬಿಟ್ಟಳು.

ಆ ದಿನ ನಮ್ಮ ಕಾಲೊನಿ ಗೆದ್ದಿತು. ಎಷ್ಟಕ್ಕೆ ಎಷ್ಟು ಎಂದು ಮೊದಲ ಸಲ ಗಂಡಸರು ಬಾಯಿಬಿಟ್ಟು ಕೂಗಿದರು. ವಿನೀತನನ್ನು ಹೆಗಲ ಮೇಲೆ ಹೊತ್ತುಕೊಂಡರು. ಹೊತ್ತವರಲ್ಲಿ ಚಂಬಣ್ಣನೂ ಇದ್ದ. ನೀಲಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಮನೆಗೆ ಹೋದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಹೊಟ್ಟೆನೋವಂತೆ ಎಂದ ಚಂಬಣ್ಣ. ಅದರ ಮುಂದಿನ ವಾರವೂ ಹೊಟ್ಟೆನೋವು. ಟೀಚರ್ ಮನೆಗೆ ಹೋಗಿ ಕರೆದರಂತೆ, ಅವಳು ಬಾಗಿಲ ಹಿಂದಿನಿಂದ ಈಚೆ ಬರಲಿಲ್ಲವಂತೆ. ಮೂರನೆಯ ವಾರದಿಂದ ಯಾರೂ ಕಾರಣ ಕೇಳಲಿಲ್ಲ.

ಒಂದು ಸಾಲು ಬಿಡಬಹುದು ಎಂದು ಗೊತ್ತಾದ ಮೇಲೆ ಉಳಿದವು ಎಷ್ಟು ದಿನ ನಿಂತಾವು? ಒಬ್ಬರು ಆರನೆಯದನ್ನು ಬಿಟ್ಟರು. ಒಂಬತ್ತನೆಯದನ್ನು ಬಿಟ್ಟ ದಿನ ಗೆರೆಯ ಹೊರಗೆ ಎದ್ದ ಕೂಗಿಗೆ ಹೆದರಿ ಇಬ್ಬರು ಮಕ್ಕಳು ಮೈದಾನದಲ್ಲೇ ಚಡ್ಡಿ ಒದ್ದೆ ಮಾಡಿಕೊಂಡವು. ಗೋಲಿಗೆ ಕಾವಲು ಬಂತು. ನಾಲ್ವರ ಜಾಗಕ್ಕೆ ಏಳು ಜನ ಬಂದರು. ವರ್ಷ ತುಂಬುವುದರೊಳಗೆ ನನ್ನ ಮುಂದೆ ನಿಂತು ಓದುವ ಪದ್ಧತಿಯೇ ನಿಂತುಹೋಯಿತು. ಎಸ್ತೇರ್ ಟೀಚರ್‌ಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ದಿನ ನನ್ನ ಹತ್ತಿರ ಬಂದರು. ನನ್ನನ್ನು ಕರೆದುಕೊಂಡು ಹೋಗಿ ಎಂದು ಹೇಳುವ ಬಾಯಿ ನನಗಿರಲಿಲ್ಲ. ಸೆರಗಿನಿಂದ ನನ್ನ ಧೂಳು ಒರೆಸಿ ಹೋದರು.

ಆಮೇಲಿನ ನನ್ನ ಬಾಳು ಹೇಳುವಂಥದ್ದಲ್ಲ. ಯಾರೋ ನನ್ನನ್ನು ಕಳಚಿ ತಿರುಗಿಸಿ ಕಟ್ಟಿದರು. ಬೆನ್ನಿಗೆ ಕಪ್ಪು ಬಳಿದು, ಸುಣ್ಣದ ಕಡ್ಡಿಯಿಂದ ಗೋಲುಗಳ ಲೆಕ್ಕ ಬರೆಯತೊಡಗಿದರು. ಗೋಲು ಎಣಿಸಬಾರದು ಎಂಬ ಮಾತನ್ನು ಎದೆಯ ಮೇಲೆ ಹೊತ್ತುಕೊಂಡು ಎಂಟು ವರ್ಷ ಗೋಲು ಎಣಿಸಿದೆ. ನಾಚಿಕೆಯಿಂದ ತುಕ್ಕು ಹಿಡಿಯಿತು ಎಂದುಕೊಂಡಿದ್ದೆ, ಮಳೆಯಿಂದಂತೆ. ಅಷ್ಟರಲ್ಲಿ ಅಕಾಡೆಮಿಯೊಂದು ಬಂತು. ಬಣ್ಣಬಣ್ಣದ ಫ್ಲೆಕ್ಸು ಬಂತು. ನಾನು ಗುಜರಿಯವನ ಕೈಗಾಡಿ ಏರಿದೆ. ಗುಜರಿಯ ರಾಶಿಯಿಂದ ನನ್ನನ್ನು ಎಳೆದವಳು ಮೈದಾನದ ಗೇಟಿನಲ್ಲಿ ಚಹಾ ಮಾರುವ ಗಂಗವ್ವ. ಹದಿನೈದು ವರ್ಷದಿಂದ ನಾನು ಅವಳ ಗೂಡಂಗಡಿಯ ಹಿಂಗೋಡೆ. ಅಕ್ಷರಗಳು ಒಳಮುಖವಾಗಿವೆ. ಸ್ಟೋವಿನ ಹೊಗೆ ನನ್ನ ಮೇಲಿನ ಅರ್ಧವನ್ನು ಆಗಲೇ ತಿಂದಿದೆ.

ಚಂಬಣ್ಣನಿಗೆ ನಿವೃತ್ತಿಯಾಗಿದೆ. ದಿನಾ ಬಂದು ಗಂಗವ್ವನ ಬೆಂಚಿನ ಮೇಲೆ ಕೂರುತ್ತಾನೆ. ನನ್ನ ಕಡೆ ಬೆನ್ನು ಹಾಕಿಯೇ ಕೂರುತ್ತಾನೆ. ಗುರುತು ಹಿಡಿದಿದ್ದಾನೋ ಇಲ್ಲವೋ ನನಗೆ ತಿಳಿಯದು.

ಹೋದ ಭಾನುವಾರ ಅವನ ಜೊತೆ ನೀಲಿ ಬಂದಿದ್ದಳು. ಗಂಡನ ಊರಿನಿಂದ ರಜೆಗೆ ಬಂದವಳು. ಕೈ ಹಿಡಿದುಕೊಂಡು ಐದು ವರ್ಷದ ಮಗಳು. ಮೈದಾನದಲ್ಲಿ ಅಕಾಡೆಮಿಯ ಸಣ್ಣ ಮಕ್ಕಳ ಆಟ ನಡೆದಿತ್ತು. ಮಗು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿತ್ತು. ಚೆಂಡು ಉರುಳಿಕೊಂಡು ಅಂಗಡಿಯ ಹತ್ತಿರ ಬಂದಾಗ ಎತ್ತಿಕೊಳ್ಳಲು ಬಂದ ಕೋಚ್ ನಕ್ಕು, ‘ಕಳಸ್ರಿ ಅಕ್ಕಾ, ಅಕಿನೂ ಆಡ್ಲಿ’ ಎಂದ. ಮಗು ಆಗಲೇ ಎರಡು ಹೆಜ್ಜೆ ಓಡಿತ್ತು. ನೀಲಿ ಅದರ ರಟ್ಟೆ ಹಿಡಿದು ಎಳೆದಳು.

‘ಬ್ಯಾಡ್ರಿ. ಅಕಿಗೆ ಓಡಾಕ ಬರೂದಿಲ್ಲ.’

‘ಬರ್ತೈತಿ!’ ಎಂದಿತು ಮಗು.

ಚಂಬಣ್ಣ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟ. ‘ಹೋಗ್ಲಿ ಬಿಡವ್ವಾ ನೀಲಿ. ಸಣ್ಣ ಕೂಸು. ಆಡಿ ಬರ್ಲಿ’ ಎಂದ. ಬೇಡಿಕೊಳ್ಳುವ ದನಿ ಅದು.

ನೀಲಿ ಅಪ್ಪನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

‘ಅಲ್ಲಿ ಹೋಗಿ ಕೂಡೂದಕ್ಕಿಂತ ಇಲ್ಲೇ ಕುಂತ್ರ ಆತಲ್ಲಪ್ಪಾ’ ಎಂದಳು.

ಕೋಚ್ ಚೆಂಡು ಎತ್ತಿಕೊಂಡು ಹೋದ. ತಗಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರೆ ಮಕ್ಕಳು ಉಳಿದುಕೊಳ್ಳುತ್ತಾರೆ ಎಂದು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಹೊಗೆ ಬೇಗ ಬೇಗ ಕೆಳಗಿಳಿದು ನನ್ನನ್ನು ಪೂರ್ತಿ ಮುಚ್ಚಲಿ, ನನಗೆ ಬೇರೆ ಆಸೆ ಇಲ್ಲ.

ನೀಲಿ ಮಗಳನ್ನು ಎತ್ತಿ ಬೆಂಚಿನ ಮೇಲೆ ತನಗೂ ಅಪ್ಪನಿಗೂ ನಡುವೆ ಕೂರಿಸಿದಳು. ಗಂಗವ್ವ ಅದರ ಕೈಗೊಂದು ಬಿಸ್ಕೀಟು ಕೊಟ್ಟಳು. ಮಗು ಆಟ ಮುಗಿಯುವವರೆಗೂ ಅಲ್ಲೇ ಕೂತಿತ್ತು. ಅದರ ಕಾಲು ಇನ್ನೂ ನೆಲಕ್ಕೆ ಮುಟ್ಟುತ್ತಿರಲಿಲ್ಲ.