ಅರೆಗಣ್ಣು ಕೊಟ್ಟ ಆರು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಆಕೆಗೆ ಫೋನಿನಲ್ಲಿ ನಡೆಯುವ ಹಾಡಿನ ಅಭಿಮಾನಿಗಳ ಗುಂಪಿನಲ್ಲಿ ಅರೆಗಣ್ಣು ಎಂದೇ ಹೆಸರು. ವಾರದ ಹೊಸ ಹಾಡುಗಳಿಗೆ ಅಲ್ಲಿ ಎಲ್ಲರೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಜೊತೆಗೆ ನಾಲ್ಕು ಮಾತು ಬರೆಯುತ್ತಾರೆ. ಭಾನುವಾರ ಸಂಜೆ ಪಟ್ಟಿ ಹೊರಬೀಳುತ್ತದೆ. ಅರೆಗಣ್ಣು ಹಾಡನ್ನು ಎಲ್ಲಿ ಕೂತು ಕೇಳಿದೆ ಎಂದು ಹೇಳದೆ ಬರೆದವಳೇ ಅಲ್ಲ. ಬೇಕರಿಯ ಮೇಲಿನ ನಮ್ಮ ಮನೆಯಲ್ಲಿ, ನೀಲಿ ಮೆಟ್ಟಿಲ ಮೇಲೆ, ಎದುರು ಶಾಲೆಯ ಗಂಟೆ ಹೊಡೆಯುವಾಗ, ಹೀಗೆ. ಓದುವವರು ಅದನ್ನೇ ಹೊಗಳಿ ಹೊಗಳಿ ಅವಳನ್ನು ಅಟ್ಟಕ್ಕೇರಿಸಿದ್ದರು.

ಈ ವಾರ ಗುಂಪು ತಲೆಯ ಮೇಲೆ ಹೊತ್ತು ಮೆರೆಸುವ ಗಾಯಕಿಯ ಹಾಡು ಬಂತು. ಉಳಿದವರೆಲ್ಲರೂ ಹತ್ತು ಕೊಟ್ಟರು. ಗುಂಪು ಹುಟ್ಟಿದಾಗಿನಿಂದ ಯಾವ ಹಾಡಿಗೂ ಸಿಗದ ಪೂರ್ಣ ಅಂಕ ಕೈಗೆಟುಕುವಷ್ಟು ಹತ್ತಿರವಿತ್ತು. ಅರೆಗಣ್ಣು ಆರು ಕೊಟ್ಟಳು. ಹೋದ ವರ್ಷದ ಹಾಡಿಗೇ ಹೊಸ ಅಂಗಿ ತೊಡಿಸಿ ಕಳಿಸಿದ್ದಾರೆ ಎಂದು ಬರೆದಳು. ಮಾತು ನಿಜವೇ ಆಗಿತ್ತು, ಅದೇ ಮುಳುವಾಯಿತು.

ಮೊದಲು ಬಾಯಿಗೆ ಬಂದಂತೆ ಬೈದರು. ಬೈಗುಳಕ್ಕೆಲ್ಲ ಜಗ್ಗುವ ಹೆಂಗಸಲ್ಲ ಅವಳು. ಭಾನುವಾರ ಮಧ್ಯಾಹ್ನ ಬೈಗುಳ ಇದ್ದಕ್ಕಿದ್ದಂತೆ ನಿಂತಾಗ ಮಾತ್ರ ಕೈಲಿದ್ದ ಕೆಲಸ ಬಿಟ್ಟು ಫೋನು ಎತ್ತಿಕೊಂಡಳು. ಅವರೆಲ್ಲ ಈಗ ಅವಳ ಹಳೆಯ ಬರಹಗಳನ್ನು ಕೆದಕುತ್ತಿದ್ದರು. ಒಬ್ಬ ಬೇಕರಿಯನ್ನು ಹೆಕ್ಕಿ ತೆಗೆದ, ಇನ್ನೊಬ್ಬಳು ನೀಲಿ ಮೆಟ್ಟಿಲನ್ನು. ಆ ಬೀದಿ ತನಗೆ ಗೊತ್ತು, ಈಗಲೇ ಬಸ್ಸು ಹತ್ತುತ್ತೇನೆ ಎಂದು ಮತ್ತೊಬ್ಬ ಬರೆದ. ಬರುವವರು ಕೈ ಎತ್ತಿ ಎಂದಾಗ ಎಷ್ಟೋ ಕೈಗಳು ಎದ್ದವು.

ಅರೆಗಣ್ಣಿನ ಜೊತೆ ಅದೇ ಮನೆಯಲ್ಲಿದ್ದ ತಂಗಿಯೂ ಅದೇ ಗುಂಪಿನವಳು, ಹತ್ತು ಕೊಟ್ಟವಳು. ಸಂಜೆಯೊಳಗೆ ಅಂಕ ಬದಲಿಸಬಹುದಲ್ಲ ಎಂದು ಬೆಳಿಗ್ಗೆಯಿಂದ ಅಕ್ಕನ ಬೆನ್ನು ಬಿದ್ದಿದ್ದಳು.

"ಕೇಳಿದ್ದನ್ನ ಕೇಳಿಲ್ಲ ಅಂತ ಹೇಗೆ ಬರೀಲಿ?" ಎಂದು ಅಕ್ಕ ಪಟ್ಟು ಬಿಡಲಿಲ್ಲ.

ತಂಗಿ ಮುಖ ದಪ್ಪಗೆ ಮಾಡಿಕೊಂಡು ಕಿಟಕಿಯ ಬಳಿ ಹೋಗಿ ಕೂತಳು. ಅಕ್ಕ ಬಾಗಿಲಿಗೆ ಚಿಲಕ ಹಾಕಿ ಬಂದು, ತನ್ನ ಹಳೆಯ ಬರಹಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಅಷ್ಟರಲ್ಲಿ ಗುಂಪಿನಲ್ಲಿ ಹೊಸ ಸಾಲೊಂದು ಕಾಣಿಸಿತು: ಮೇಲಿನ ಚಿಲಕ ಸಡಿಲ, ಭುಜ ಕೊಟ್ಟು ತಳ್ಳಿದರೆ ಸಾಕು.

ಚಿಲಕದ ವಿಷಯ ಅವಳು ಎಲ್ಲಿಯೂ ಬರೆದಿರಲಿಲ್ಲ.

ತಲೆಯೆತ್ತಿ ನೋಡಿದಳು. ತಂಗಿ ಫೋನನ್ನು ಮಡಿಲಲ್ಲಿ ಕವುಚಿಟ್ಟು ಕೂತಿದ್ದಳು.

"ಹೊಡೆಯಲ್ಲ ಅಂದಿದ್ದಾರೆ ಅಕ್ಕ," ಎಂದಳು ಸಮಾಧಾನದಿಂದ. "ಸುಮ್ನೆ ಎದುರಿಗೆ ಕೂತ್ಕೊಂಡು, ನೀನು ಆ ಹಾಡು ಕೇಳೋದನ್ನ ನೋಡ್ತಾರಂತೆ. ನಿಂಗೆ ಇಷ್ಟ ಆಗೋವರೆಗೂ."

ಕೆಳಗಿನಿಂದ ಆ ಹಾಡು ಕೇಳಿಬಂತು. ಯಂತ್ರದಲ್ಲಲ್ಲ, ಬಾಯಲ್ಲಿ, ಹಲವರು ಒಟ್ಟಿಗೆ ಮೆಲ್ಲಗೆ ಹಾಡುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದರು. ಅಕ್ಕ ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕಿಟಕಿಯ ಬಳಿ ಕೂತಿದ್ದ ತಂಗಿ ಕಣ್ಣು ಮುಚ್ಚಿ, ಅವರ ಜೊತೆಗೆ ದನಿಗೂಡಿಸಿದಳು.