ಎರಡನೆಯ ಸಹಿ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ, ಔಷಧಿ ಕಂಪನಿಗಳ ವಾಸನೆಯ ನಡುವೆ, ವಿಮಾನದ ರೇಡಿಯೋ ರಿಪೇರಿ ಮಾಡುವ ವರ್ಕ್‌ಶಾಪ್ ಒಂದಿದೆ ಎಂದರೆ 2004ರಲ್ಲಿ ಬಸ್ ಕಂಡಕ್ಟರನೂ ನಗುತ್ತಿದ್ದ. ಬಸವಕಲ್ಯಾಣದಿಂದ ದಿನವೂ ಅದೇ ಬಸ್ಸಿಗೆ ಬರುವ ಸೂಗಮ್ಮ ಮಾತ್ರ ನಗುತ್ತಿರಲಿಲ್ಲ. ಆ ವರ್ಕ್‌ಶಾಪಿನ ಸೂಪರ್‌ವೈಸರ್ ಅವಳೇ. ಕೈಕೆಳಗಿನವರೆಲ್ಲ ಚುರುಕು, ಅದರ ಬಗ್ಗೆ ಅವಳಿಗೆ ಜಂಬವೇ ಇತ್ತು. ಕಾಟವಿದ್ದದ್ದು ಹಿರಿಯರಿಗೆ ಅವರು ತೋರುವ ಮರ್ಯಾದೆಯದು.

ಒಬ್ಬರು ರಿಪೇರಿ ಮಾಡಿದ ರೇಡಿಯೋ ಸೆಟ್ಟನ್ನು ಇನ್ನೊಬ್ಬರು ಬಿಚ್ಚಿ ಪರೀಕ್ಷಿಸಿ ಎರಡನೆಯ ಸಹಿ ಹಾಕಬೇಕು. ಆದರೆ ಅರ್ಧ ಜನಕ್ಕೆ ಬೆಸುಗೆ ಹಾಕಲು ಕಲಿಸಿದವರು ಹಿರಿಯ ಮಹಾರುದ್ರಪ್ಪ. ಅವರು ಮುಟ್ಟಿದ್ದನ್ನು ಬಿಚ್ಚಿ ನೋಡುವುದೆಂದರೆ ಬಡಿಸಿದವರ ಎದುರಿಗೇ ಅನ್ನ ಮೂಸಿದ ಹಾಗೆ ಎಂದು ಎಲ್ಲರ ಎಣಿಕೆ. ಹಿಂದಿನ ವಾರ ಅವರ ಸೆಟ್ಟೊಂದು ಹಾರಾಟದ ನಡುವೆಯೇ ಮೂಕವಾಯಿತು. ಪೈಲಟ್ ಹೇಗೋ ಇಳಿದ. ಅದರ ಮೇಲಿದ್ದ ಎರಡನೆಯ ಸಹಿ ಘಾಟಬೋರಾಳದ ಹುಡುಗಿ ಪೂನಂಳದು.

"ಮಹಾರುದ್ರಪ್ಪ ಕಾಕಾಂದು ಹ್ಯಾಂಗ ಬಿಚ್ಚಿ ನೋಡ್ಲಿರಿ ಮೇಡಂ?" ಎಂದು ಅವಳು ಅತ್ತಿದ್ದಳು.

ಇದೇ ಮರ್ಯಾದೆ ಮುಂದುವರಿದರೆ ಯಾರದೋ ಜೀವ ಹೋಗುತ್ತದೆ ಎಂದು ಸೂಗಮ್ಮನಿಗೆ ಭಯವಾಯಿತು. ಬೈದರೆ ಹೋಗುವ ರೋಗ ಇದಲ್ಲ. ಹಾಗಾಗಿ ಒಂದು ಸೆಟ್ಟನ್ನು ತಾನೇ ಕೂತು ರಿಪೇರಿ ಮಾಡಿದಳು. ಹಿಂಬದಿಯ ನಟ್ಟೊಂದನ್ನು ಬೇಕೆಂದೇ ಸಡಿಲ ಬಿಟ್ಟು ಪೂನಂಳ ಮೇಜಿಗೆ ಕಳಿಸಿದಳು. ಹುಡುಗಿ ಕಣ್ಣು ಮುಚ್ಚಿ ಸಹಿ ಹಾಕುತ್ತಾಳೆ, ಆಗ ಎಲ್ಲರನ್ನೂ ಕರೆದು ತೋರಿಸೋಣ ಎಂದು ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದಳು.

ಊಟದ ಹೊತ್ತಾದರೂ ಪೂನಂ ಏಳಲಿಲ್ಲ. ಆಮೇಲೆ ಸೆಟ್ಟನ್ನು ಎತ್ತಿಕೊಂಡು ಬಂದಳು.

"ಇದು ಪಾಸ್ ಮಾಡಾಕ ಆಗಂಗಿಲ್ರಿ ಮೇಡಂ. ನಟ್ ಸಡ್ಲ ಅದ. ಹೋದ ವಾರದ್ದೇ ನನಗ ಸಾಕಾಗೇದ್ರಿ."

ಎಲ್ಲರ ಕೈಯೂ ನಿಂತಿತು. ಸೂಗಮ್ಮ ಮೇಜು ಕುಟ್ಟಿ ನಕ್ಕಳು. "ಶಾಬಾಸ್! ನಾನೇ ಬೇಕಂತ ಸಡ್ಲ ಬಿಟ್ಟಿದ್ದೆ, ನೀ ಹಿಡೀತಿಯೋ ಇಲ್ಲೋ ನೋಡಾಕ."

ಪೂನಂ ಅಲ್ಲೇ ನಿಂತಿದ್ದಳು. "ಒಳಗ ಒಂದು ವಾಯರಿನ ಬೆಸುಗಿ ಹಿಡದಿಲ್ರಿ. ಅದನ್ನೂ ಬೇಕಂತ ಬಿಟ್ಟೀರೇನ್ರಿ?"

ಸೂಗಮ್ಮ ಕನ್ನಡಕ ಏರಿಸಿ ನೋಡಿದಳು. ಹುಡುಗಿ ಹೇಳಿದ್ದು ನಿಜ. ಹೌದು ಎಂದು ಒಂದು ಮಾತು ಅಂದಿದ್ದರೆ ಮಾನ ಉಳಿಯುತ್ತಿತ್ತು, ಅನುಮಾನ ಪಡುವವರು ಯಾರೂ ಇರಲಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ನಾಚಿಕೆಯಿಂದ ಕಿವಿ ಬಿಸಿಯಾದವು.

"ಇಲ್ಲವ್ವಾ," ಎಂದಳು ಎಲ್ಲರಿಗೂ ಕೇಳುವಂತೆ. "ಅದು ಖರೇನ ನನ್ನ ಗಲ್ತಿ. ಫೇಲ್ ಅಂತ ಕೆಂಪು ಚೀಟಿ ಕಟ್ಟು. ಮ್ಯಾಲ ನನ್ನ ಹೆಸರು ದೊಡ್ಡದಾಗಿ ಬರಿ."

ಪೂನಂ ಬರೆದಳು. ಚೀಟಿ ಕಟ್ಟುವಾಗ ಒಂದಿಷ್ಟೂ ಅಳುಕಲಿಲ್ಲ. ಸೂಗಮ್ಮನಿಗೆ ಅದೇ ಖುಷಿ, ಭಾಷಣ ವ್ಯರ್ಥವಾದದ್ದಕ್ಕೂ ಬೇಸರವಾಗಲಿಲ್ಲ.

ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಹಾರುದ್ರಪ್ಪ ಎದ್ದು, ತಾವು ಬೆಳಿಗ್ಗೆ ಮುಗಿಸಿಟ್ಟಿದ್ದ ಸೆಟ್ಟುಗಳನ್ನು ಒಂದೊಂದಾಗಿ ತಂದು ಪೂನಂಳ ಮೇಜಿನ ಮೇಲಿಟ್ಟರು. ಎಲ್ಲದರ ಮೇಲೂ ಎರಡನೆಯ ಸಹಿ ಆಗಲೇ ಬಿದ್ದಿತ್ತು.

"ಇವನ್ನೂ ಬಿಚ್ಚವ್ವಾ," ಎಂದರು. "ಸಹಿ ಹಾಕ್ಯಾರ, ಖರೇ. ಯಾರೂ ಬಿಚ್ಚಿ ನೋಡಿಲ್ಲ."